ಅಜ್ಜಿಯ ಹಗೇವು, ದೊಡ್ಡಜ್ಜಿಯ ತಳಗಲ್ಲು

ಮನುಷ್ಯಕುಲವನ್ನು ಎರಡು ಪಂಗಡ ಮಾಡಬಹುದು: ಆಪತ್ತು ಬರುವ ಮುಂಚೆಯೇ ಸಿದ್ಧರಾಗಿ ಕೂರುವವರು, ಮತ್ತು ಆಪತ್ತು ಬಂದು ಬಾಗಿಲಲ್ಲಿ ನಿಂತ ಮೇಲೆ ಬೆಂಕಿಪೊಟ್ಟಣ ಎಲ್ಲಿದೆ ಎಂದು ಕತ್ತಲಲ್ಲಿ ತಡಕಾಡುವವರು. ರಾಜ್ಯಗಳು ಉಳಿದದ್ದು ಮೊದಲನೆಯವರಿಂದ, ಅಳಿದದ್ದು ಎರಡನೆಯವರಿಂದ ಎಂಬುದು ನನ್ನ ಗಂಭೀರವಾದ ಅಭಿಪ್ರಾಯ. ನಾನು ಎರಡನೆಯ ಪಂಗಡದವಳು. ಮೊನ್ನೆ ಕರೆಂಟು ಹೋದಾಗ ಮೊಬೈಲಿನ ಬೆಳಕಿನಲ್ಲಿ ಮೊಬೈಲನ್ನೇ ಹುಡುಕಿದೆ.

ನಾನು ಚಿಕ್ಕವಳಿದ್ದಾಗ ಸಿಂಗಟಗೆರೆ ಕಡೆಯ ನಮ್ಮ ಸಣ್ಣ ಹಳ್ಳಿಯ ಮನೆಯಲ್ಲಿಯೂ ಇದೇ ಲೆಕ್ಕ. ಅಪ್ಪ, ಅಮ್ಮ, ಚಿಕ್ಕಪ್ಪ, ನಾವು ಮಕ್ಕಳು ಎಲ್ಲರೂ ಎರಡನೆಯ ಪಂಗಡ. ಮೊದಲನೆಯದರಲ್ಲಿ ಅಪ್ಪನ ತಾಯಿ, ನಮ್ಮ ಅಜ್ಜಿ ಪುಟ್ಟಮ್ಮ ಒಬ್ಬಳೇ. ಮನೆ ಬಹುಮತದ ಮೇಲೆ ನಡೆಯುತ್ತಿರಲಿಲ್ಲವಾದ್ದರಿಂದ ಬದುಕಿಕೊಂಡೆವು.

ಅಜ್ಜಿಯ ಶಾಸ್ತ್ರಕ್ಕೆ ಸೂತ್ರ ಒಂದೇ: "ಇರ್ಲಿ, ಬೇಕಾಗುತ್ತೆ." ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಈ ಸೂತ್ರದ ಸಾಕ್ಷ್ಯಗಳು ಸೂರಿನವರೆಗೆ ಪೇರಿಸಿಕೊಂಡಿದ್ದವು. ಬಾಗಿಲು ತೆಗೆದರೆ ಹುಣಸೆಹಣ್ಣು, ಒಣಮೆಣಸಿನಕಾಯಿ, ಸೀಮೆಎಣ್ಣೆ, ಒಣಗಿದ ಬೇವಿನಸೊಪ್ಪು ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ತೊಗರಿಗೆ ಕೆಮ್ಮಣ್ಣು ಕಟ್ಟಿ ಇಟ್ಟಿದ್ದಳು, ಅವರೆಕಾಳಿಗೆ ಬೂದಿ ಬೆರೆಸಿ ಇಟ್ಟಿದ್ದಳು. ಥಂಡಿ ಹಿಡಿಯದಿರಲೆಂದು ಬೆಂಕಿಪೊಟ್ಟಣಗಳು ರಾಗಿ ತುಂಬಿದ ಡಬ್ಬದೊಳಗೆ ಹುದುಗಿ ಮಲಗಿದ್ದವು. ಅವುಗಳ ಮೇಲೂ ಪೂರ್ತಿ ನಂಬಿಕೆಯಿಲ್ಲದೆ ರಾತ್ರಿ ಮಲಗುವಾಗ ಒಲೆಯ ಬೂದಿಯಡಿ ಒಂದು ಕೆಂಡ ಮುಚ್ಚಿಡುತ್ತಿದ್ದಳು. ಹಿಂದಿನ ಗೋಡೆಗೆ ಬೆರಣಿಯ ಒಟ್ಟಲು. ಅಟ್ಟದ ಮೇಲೆ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಈ ಭದ್ರ ಕೋಟೆಗೆ ಶತ್ರುಗಳು ಎರಡೇ ಜಾತಿ: ಇಲಿಗಳು ಮತ್ತು ನಾವು. ಇಲಿಗಳಿಗೆ ಬೇವಿನಸೊಪ್ಪು ಇತ್ತು. ನಾವು ಹುಣಸೆಹಣ್ಣು ಕದ್ದು ಬೆಲ್ಲ, ಉಪ್ಪು, ಜೀರಿಗೆ ಹಾಕಿ ಜಜ್ಜಿ, ಕಡ್ಡಿಗೆ ಚಿಗಳಿ ಸಿಗಿಸಿಕೊಂಡು ಜಗುಲಿಯಲ್ಲಿ ಚೀಪುತ್ತಾ ಚೌಕಾಬಾರ ಆಡುತ್ತಿದ್ದೆವು.

ಇಷ್ಟಾಗಿಯೂ ಅಜ್ಜಿಗೆ ಸಮಾಧಾನವಿರಲಿಲ್ಲ. ಸಿದ್ಧತೆಯನ್ನು ಪರೀಕ್ಷೆ ಮಾಡಬೇಡವೆ? ಅದಕ್ಕಾಗಿ ವರ್ಷಕ್ಕೊಮ್ಮೆ, ಮೃಗಶಿರ ಮಳೆ ಹಿಡಿಯುವ ಮುಂಚೆ, "ಅಂಗಡಿ ಇಲ್ಲದ ದಿನ" ಎಂಬ ವ್ರತವೊಂದನ್ನು ಆಚರಿಸುತ್ತಿದ್ದಳು. ಇದು ಯಾವ ಪಂಚಾಂಗದಲ್ಲಿಯೂ ಇಲ್ಲ. ಆ ದಿನ ಅಂಗಡಿಯಿಂದ ಒಂದು ಚಿಟಿಕೆ ಸಾಮಾನು ಬರುವಂತಿಲ್ಲ, ಕರೆಂಟಿನ ಸ್ವಿಚ್ಚು ಮುಟ್ಟುವಂತಿಲ್ಲ, ಆಚೆಯಿಂದ ಬಂದವರು ಕಾಫಿ ಕೇಳಿದರೂ ಬೆಲ್ಲದ ನೀರೇ. ಒಂದು ವರ್ಷ ಚಿಕ್ಕಪ್ಪ ಕೊಟ್ಟಿಗೆಯ ಹಿಂದೆ ಬೀಡಿ ಹಚ್ಚಿ ಕೂತಿದ್ದಾಗ ಅಜ್ಜಿ ಹೋಗಿ ನಿಂತಳು.

"ಅದು ಅಂಗ್ಡೀದಲ್ವೇನೋ ಚಂದ್ರ?"

"ನಿನ್ನೇದು ಕಣವ್ವ. ದಾಸ್ತಾನು."

ತತ್ವದ ಪ್ರಕಾರ ಅದು ಸರಿಯಾದ್ದರಿಂದ ಅಜ್ಜಿ ವಾಪಸ್ಸು ಬಂದಳು.

ಇಷ್ಟೆಲ್ಲಕ್ಕೂ ಕಿರೀಟದಂತೆ ಇದ್ದದ್ದು ಅಂಗಳದ ಹಗೇವು. ನೋಡದವರಿಗೆ ಹೇಳಬೇಕೆಂದರೆ, ನೆಲದಡಿ ಹೂಜಿಯ ಆಕಾರದಲ್ಲಿ ತೋಡಿದ ರಾಗಿಯ ಕಣಜ ಅದು. ಒಬ್ಬ ಆಳು ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಒಂದು ಸಣ್ಣ ಕೋಣೆಯಷ್ಟು ಹೊಟ್ಟೆ. ಸುತ್ತಲೂ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಹಗೇವಿನ ಮೇಲೆ ನಾವು ಕುಂಟೆಬಿಲ್ಲೆ ಆಡುತ್ತಿದ್ದೆವು. ಕಾಲು ಬಡಿದರೆ ಆ ಜಾಗ ಮಾತ್ರ ಧಿಂ ಎನ್ನುತ್ತಿತ್ತು.

ಒಂದು ವರ್ಷ ಚಿಕ್ಕಪ್ಪ ಟ್ರಾಕ್ಟರು ತಂದ. ಟ್ರಾಕ್ಟರಿಗೆ ಶೆಡ್ಡು ಬೇಕಾಯಿತು. ಅಂಗಳದಲ್ಲಿ, ಹಗೇವಿದ್ದ ಜಾಗದಲ್ಲಿಯೇ, ಕಲ್ಲುಕಂಬ ನಿಲ್ಲಿಸಿ, ತಗಡು ಹೊದಿಸಿ, ನೆಲಕ್ಕೆಂದು ಜಲ್ಲಿಯನ್ನೂ ಹೊಡೆಸಿ ಮುಗಿಸಿದ ಮೇಲೆ ಅವನು ಅಜ್ಜಿಯ ಹತ್ತಿರ ಬಂದು ವಿಷಯ ತೆಗೆದ.

"ಅವ್ವ, ಟ್ರಾಕ್ಟ್ರು ನಿಲ್ಲಿಸ್ದಾಗ ನೆಲ ಕುಸಿದ್ರೆ ಏನ್ ಗತಿ? ಹಗೇವಿಗೆ ಜಲ್ಲಿ ತುಂಬಿ ಮೇಲೆ ಕಾಂಕ್ರೀಟ್ ಹಾಕ್ಬಿಡ್ತೀನಿ."

"ಅದು ಮನೆ ಹೊಟ್ಟೆ ಕಣೋ. ನಿನ್ ಹೊಟ್ಟೆಗೆ ಜಲ್ಲಿ ತುಂಬ್ಲಾ?"

"ಈಗ್ಯಾರವ್ವ ಹಗೇವು ಇಕ್ಕೊಂಡವ್ರೆ? ಸೊಸೈಟೀಲಿ ಅಕ್ಕಿ ಕೊಡ್ತಾರೆ. ಅಂಗ್ಡೀಲಿ ಕೇಳಿದ್ದು ಸಿಗುತ್ತೆ."

"ಅಂಗ್ಡಿ ಬಾಗ್ಲು ಹಾಕಿದ್ರೆ?"

"ಹಾಕಲ್ಲ."

"ಹಾಕಿದ್ರೆ?"

"ಅಯ್ಯೋ, ಹಾಕಲ್ಲ ಕಣವ್ವ!"

ಈ ಮಟ್ಟದ ತರ್ಕ ಒಂದು ವಾರ ನಡೆದ ಮೇಲೆ ಅಪ್ಪ ತೀರ್ಪು ಕೊಟ್ಟರು: ಈ ಮಳೆಗಾಲ ಕಳೆಯಲಿ. ದೀಪಾವಳಿಯೊಳಗೆ ಹಗೇವಿನಿಂದ ಮನೆಗೆ ನಿಜವಾಗಿ ಉಪಯೋಗವಾದರೆ ಸರಿ, ಇಲ್ಲದಿದ್ದರೆ ಚಂದ್ರ ಮುಚ್ಚಲಿ. ಅಜ್ಜಿ ಒಪ್ಪಿದಳು. ಆದರೆ ಅಂದಿನಿಂದ ಸಂಜೆ ಹೊತ್ತು ಹಗೇವಿನ ಹತ್ತಿರ ಹೋಗಿ ನಿಲ್ಲುವುದು, ಕಾಲಿನಿಂದ ಮಣ್ಣು ಒತ್ತಿ ನೋಡುವುದು ಶುರುವಾಯಿತು. ಅವಳ ಅತ್ತೆಯ ಕಾಲದಿಂದ ತುಂಬಿಸಿಕೊಂಡು ಬಂದ ಹಗೇವು ಅದು. ತನ್ನ ಕಾಲದಲ್ಲಿ ಮುಚ್ಚಿಹೋಯಿತು ಅನ್ನಿಸಿಕೊಳ್ಳಲು ಅವಳಿಗೆ ಸಾಧ್ಯವಿರಲಿಲ್ಲ.

ನಮ್ಮ ಸೀಮೆಯ ಮಳೆ ಸಾಮಾನ್ಯವಾಗಿ ಬಂದು ಹಾಜರಿ ಹಾಕಿ ಹೋಗುವ ಮಳೆ. ಆ ಸಲ ಹಿಂಗಾರಿನಲ್ಲಿ ಮಾತ್ರ ಬಂದದ್ದು ಹೋಗಲೇ ಇಲ್ಲ. ಕೆರೆ ಕೋಡಿ ಬಿತ್ತು. ಹಳ್ಳ ಏರಿ, ನಮ್ಮ ಹಳ್ಳಿಯನ್ನು ಜಗತ್ತಿಗೆ ಜೋಡಿಸಿದ್ದ ಮೋರಿಯನ್ನು ಎತ್ತಿಕೊಂಡು ಹೋಯಿತು. ಲೈಟುಕಂಬಗಳು ಗದ್ದೆಯಲ್ಲಿ ಮಲಗಿದವು. ಬಸ್ಸಿಲ್ಲ, ಕರೆಂಟಿಲ್ಲ. ಕೊಬ್ಬರಿ ಹಾಕಿಕೊಂಡು ಕಡೂರಿಗೆ ಹೋಗಿದ್ದ ಅಪ್ಪ ಹಳ್ಳದ ಆಚೆಯೇ ಉಳಿದರು. ನಮಗೆ ಸ್ಕೂಲಿಲ್ಲ ಎಂಬುದನ್ನು ಬಿಟ್ಟರೆ ಸುದ್ದಿಯಲ್ಲಿ ಒಳ್ಳೆಯದೇನೂ ಇರಲಿಲ್ಲ. ಊರಿಗಿದ್ದ ಒಂದೇ ಅಂಗಡಿಯಲ್ಲಿ ಇದ್ದಬದ್ದ ಅಕ್ಕಿ, ಬೇಳೆ ಖರ್ಚಾಗಿ, ಕೊನೆಗೆ ಅಂಗಡಿಯವನು ಬಾಗಿಲು ಹಾಕಿಕೊಂಡ.

"ಚಂದ್ರಾ," ಅಂದಳು ಅಜ್ಜಿ, ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾ. "ಅಂಗ್ಡಿ ಬಾಗ್ಲು ಹಾಕವ್ರಂತೆ."

ಚಿಕ್ಕಪ್ಪ ಮಳೆ ನೋಡುತ್ತಿದ್ದ.

ಊರಿಗೆ ಬಂದ ಕಷ್ಟಕ್ಕೆ ಅಜ್ಜಿ ಸಂತೋಷಪಟ್ಟಳು ಎಂದು ಬರೆದರೆ ಪಾಪ ಬರುತ್ತದೆ. ಆದರೆ ಆ ದಿನಗಳಲ್ಲಿ ಅವಳ ನಡಿಗೆ ನೋಡಬೇಕಿತ್ತು. ಸೊಂಟದ ಬೀಗದಕೈ ಗೊಂಚಲು ಝಣಝಣ ಎನ್ನಿಸುತ್ತಾ ಕತ್ತಲೆ ಕೋಣೆಗೂ ಅಡುಗೆಮನೆಗೂ ದಂಡನಾಯಕನ ಹಾಗೆ ಓಡಾಡಿದಳು. ಕೆಮ್ಮಣ್ಣಿನ ತೊಗರಿ ಬೇಯಿತು. ರಾಗಿಯೊಳಗಿನ ಬೆಂಕಿಕಡ್ಡಿ ಗೀರಿದ ಒಂದೇ ಏಟಿಗೆ ಹತ್ತಿತು. ಬೆರಣಿ ಹೊಗೆಯಲ್ಲಿ ಸಂಡಿಗೆ ಕರಿದ ವಾಸನೆ ಬೀದಿಯಲ್ಲಿ ಹರಡಿ, ನೆರೆಯವರು ನೆಪ ಹುಡುಕಿಕೊಂಡು ನಮ್ಮ ಜಗುಲಿಗೆ ಬಂದರು. ಹಿಟ್ಟಿನ ಮಡಕೆ ತಳ ಕಂಡ ದಿನ ಅಜ್ಜಿ ಸೆರಗು ಸಿಗಿಸಿ ಘೋಷಿಸಿದಳು:

"ಹಗೇವು ತೆಗೀರಿ."

ಹಗೇವು ತೆಗೆಯುವುದು ಮಡಕೆಯ ಮುಚ್ಚಳ ತೆಗೆದ ಹಾಗಲ್ಲ. ಒಳಗೆ ಕಟ್ಟಿಕೊಂಡಿರುವ ಕೆಟ್ಟ ಗಾಳಿ ಇಳಿದವನ ಪ್ರಾಣವನ್ನೇ ತೆಗೆಯಬಲ್ಲದು. ಪುಣ್ಯಕ್ಕೆ ಮೇಲೆ ಶೆಡ್ಡಿನ ತಗಡು ಇದ್ದದ್ದರಿಂದ ಮಳೆನೀರು ಒಳಗೆ ಹೋಗುವ ಭಯವಿರಲಿಲ್ಲ. ಹಗೇವನ್ನು ಮುಚ್ಚಲು ಕಟ್ಟಿದ ಶೆಡ್ಡು ಹಗೇವನ್ನು ತೆಗೆಯಲು ಕೊಡೆ ಹಿಡಿಯಿತು. ಚಪ್ಪಡಿ ಸರಿಸಿ, ಲಾಟೀನು ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗುತ್ತಿದ್ದಂತೆ ಲಾಟೀನು ಆರಿತು.

"ಇನ್ನೂ ಉಸಿರು ಬಿಡ್ತಾ ಐತೆ," ಅಂದಳು ಅಜ್ಜಿ. "ಬಿಡ್ಲಿ. ಯಾರೂ ಹತ್ರ ಹೋಗ್ಬೇಡಿ. ಲೇ ಪುಟ್ಟಿ, ನಿಂಗೇ ಹೇಳ್ತಿರೋದು!"

ಮಾರನೆಯ ದಿನ ಲಾಟೀನು ರಾಗಿಯ ಮಟ್ಟದವರೆಗೆ ಹೋಗಿ ಉರಿಯುತ್ತಲೇ ಮೇಲೆ ಬಂತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವನು, ಜಲ್ಲಿ ತುಂಬಬೇಕೆಂದಿದ್ದ ಚಿಕ್ಕಪ್ಪನೇ. ಮೊದಲ ಮಂಕರಿ ರಾಗಿ ಮೇಲೆ ಬಂದಾಗ ಎದ್ದ ವಾಸನೆಯನ್ನು ಹೇಗೆ ಹೇಳಲಿ? ಹಳೆಯ ಹುಲ್ಲು, ಬೆಚ್ಚಗಿನ ಮಣ್ಣು, ಸ್ವಲ್ಪ ಹುಳಿ, ಸ್ವಲ್ಪ ಹೊಗೆ. ಗೋಡೆಯ ಪಕ್ಕದ್ದು ಕಪ್ಪಾಗಿತ್ತು, ಅದನ್ನು ಎಮ್ಮೆಗೆ ಎಂದು ತೆಗೆದಿಟ್ಟರು. ನಡುವಿನ ರಾಗಿ ಕೆಂಪಗೆ ಹೊಳೆಯುತ್ತಿತ್ತು. ಅಜ್ಜಿ ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಸುರಿದುಕೊಂಡಳು. ಅವಳ ಮುಖದಲ್ಲಿ ಆಗ ಇದ್ದ ಕಳೆಯನ್ನು ನಾನು ಆಮೇಲೆ ಪಟ್ಟಾಭಿಷೇಕದ ಚಿತ್ರಪಟಗಳಲ್ಲಿ ಮಾತ್ರ ಕಂಡಿದ್ದೇನೆ.

ತರೀಕೆರೆಯಿಂದ ಸೊಸೆಯಾಗಿ ಬಂದಿದ್ದ ನನ್ನ ಅಮ್ಮ, ಮೊರ ಹಿಡಿದುಕೊಂಡು, ಬಹಳ ಮೆತ್ತಗೆ ಕೇಳಿದಳು: "ಅತ್ತೆ, ಬೀಸೋದು ಎಲ್ಲಿ?"

ಮಿಲ್ಲು ಇದ್ದದ್ದು ಹಳ್ಳದ ಆಚೆ. ಈಚೆ ಇದ್ದಿದ್ದರೂ ಕರೆಂಟಿಲ್ಲ.

ಅಜ್ಜಿ ನಿಧಾನವಾಗಿ ಕತ್ತಲೆ ಕೋಣೆಯ ಕಡೆ ತಿರುಗಿದಳು. ಅಲ್ಲಿ ಮೂಲೆಯಲ್ಲಿ, ಗೋಣಿತಾಟಿನಡಿ, ಬೀಸುಕಲ್ಲಿನ ಮೇಲುಗಲ್ಲು ಇತ್ತು. ಬರೀ ಮೇಲುಗಲ್ಲು.

ಇಲ್ಲಿ ನಮ್ಮ ವಂಶದ ಒಂದು ಚಾರಿತ್ರಿಕ ತೀರ್ಪನ್ನು ದಾಖಲಿಸಬೇಕು. ತಾತನೂ ಅವರ ಅಣ್ಣನೂ ಹಿಸ್ಸೆಯಾದಾಗ ಜಮೀನು, ದನ, ಪಾತ್ರೆ ಎಲ್ಲವೂ ಸುಸೂತ್ರವಾಗಿ ಹಂಚಿಹೋಗಿ ಕೊನೆಗೆ ಬೀಸುಕಲ್ಲೊಂದು ಉಳಿಯಿತಂತೆ. ಅಜ್ಜಿ ಬಿಡಲಿಲ್ಲ. ಎದುರು ಮನೆಯ ದೊಡ್ಡಜ್ಜಿ, ಅಂದರೆ ತಾತನ ಅಣ್ಣನ ಹೆಂಡತಿ, ಅಜ್ಜಿಯ ವಾರಗಿತ್ತಿ, ಅವಳೂ ಬಿಡಲಿಲ್ಲ. ಪಂಚಾಯ್ತಿಗೆ ಕೂತ ಯಜಮಾನರಿಗೆ ಊಟದ ಹೊತ್ತು ಮೀರುತ್ತಿತ್ತು. ಮೇಲುಗಲ್ಲು ತಮ್ಮನಿಗೆ, ತಳಗಲ್ಲು ಅಣ್ಣನಿಗೆ ಎಂದು ಹೇಳಿ ಎದ್ದರು. ಎರಡು ಮನೆಯವರೂ ನ್ಯಾಯ ದೊರಕಿತೆಂದು ತಂತಮ್ಮ ಅರ್ಧವನ್ನು ಹೊತ್ತುಕೊಂಡು ಹೋದರು. ಮಿಲ್ಲು ಬಂದಿತ್ತಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅಂದಿನಿಂದ ವಾರಗಿತ್ತಿಯರಿಗೆ ಮಾತಿಲ್ಲ.

ಪ್ರತಿ ವರ್ಷ ಅಂಗಡಿ ಇಲ್ಲದ ದಿನ ಅಜ್ಜಿ ಆ ಮೇಲುಗಲ್ಲನ್ನು ಒರೆಸಿ, ಅರಿಸಿನ ಹಚ್ಚಿ, ಇರ್ಲಿ ಬೇಕಾಗುತ್ತೆ ಎಂದು ಮತ್ತೆ ಮುಚ್ಚಿಡುತ್ತಿದ್ದಳು. ವ್ರತದ ದಿನದ ಮುದ್ದೆಗೆ ಮಾತ್ರ ಮಡಕೆಯಲ್ಲಿ ಮಿಲ್ಲಿನ ಹಿಟ್ಟು ಇದ್ದೇ ಇರುತ್ತಿತ್ತು. ಎಲ್ಲ ಪರೀಕ್ಷೆಗಳಲ್ಲಿಯೂ ಪಾಸಾದ ಅಜ್ಜಿಗೆ ಈ ಒಂದು ಪ್ರಶ್ನೆ ಯಾವತ್ತೂ ಬಂದಿರಲಿಲ್ಲ.

ಊರಿನ ಉಳಿದ ಬೀಸುಕಲ್ಲುಗಳ ಗತಿಯೇನು ಎಂದು ಕೇಳಬಹುದು. ಅವು ಮೆಟ್ಟಿಲಾಗಿ, ಬಚ್ಚಲ ಹಾಸಾಗಿ ಸಿಮೆಂಟಿನಲ್ಲಿ ಕೂತು ಬಹಳ ಕಾಲವಾಗಿತ್ತು.

ಮೊದಲ ದಿನ ಒರಳಿನಲ್ಲಿ ಕುಟ್ಟಿ ನೋಡಿದರು. ಚಿಕ್ಕಪ್ಪ ಆ ತರಿಮುದ್ದೆಯ ಒಂದು ತುತ್ತು ಬಾಯಿಗಿಟ್ಟು, ಅಗಿಯಬಾರದ್ದನ್ನು ಅಗಿದು, ಕಟಕಟ ಎನ್ನಿಸಿದ.

"ಅವ್ವ, ಹಗೇವಿಗೆ ನಾನು ಜಲ್ಲಿ ತುಂಬ್ತೀನಿ ಅಂದಿದ್ದೆ. ನೀನು ಆಗ್ಲೇ ತುಂಬ್ಸಿಟ್ಟಿದ್ದೀಯಲ್ಲ!"

ನಾವು ನಕ್ಕೆವು. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ತಟ್ಟೆ ಮುಂದೆ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅಜ್ಜಿ ಸುಮ್ಮನಿದ್ದದ್ದನ್ನು ಅಲ್ಲಿಯವರೆಗೆ ನೋಡಿರದ ನನಗೆ ಮಳೆಗಿಂತ ಅದಕ್ಕೇ ಹೆಚ್ಚು ಭಯವಾಯಿತು. ತಿನ್ನಲಾಗದ ರಾಗಿಯಿಂದ ಮನೆಗೆ ಉಪಯೋಗವಾಯಿತೆಂದು ಯಾರೂ ಒಪ್ಪುವುದಿಲ್ಲ. ದೀಪಾವಳಿ ಹತ್ತಿರ ಬಂದಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಗೋಡೆ ಕಡೆ ತಿರುಗಿ ಹೇಳಿದಳು: "ಚಂದ್ರ, ಹೋಗಿ ಕೇಳು."

ಎಲ್ಲಿಗೆ, ಏನು ಎಂದು ಚಿಕ್ಕಪ್ಪ ಕೇಳಲಿಲ್ಲ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬೀದಿ ದಾಟಿದ. ತಮಾಷೆ ತಪ್ಪಿಹೋಗಬಾರದೆಂದು ನಾನೂ ಹಿಂದೆ ಓಡಿದೆ. ದೊಡ್ಡಜ್ಜಿ ಬಾಗಿಲಲ್ಲೇ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ಅಂಗಡಿಯನ್ನು ನಂಬಿದ್ದ ಅವರ ಮನೆಯಲ್ಲಿ ಎರಡು ದಿನದಿಂದ ಅದೇ ಊಟ.

"ದೊಡ್ಡವ್ವ, ತಳಗಲ್ಲು ಬೇಕಿತ್ತು."

"ನಿಮ್ಮವ್ವಂಗೆ ಬಾಯಿಲ್ವೇನೋ?"

"ಐತೆ ದೊಡ್ಡವ್ವ. ನಿಂಗೇ ಗೊತ್ತಲ್ಲ, ಜಾಸ್ತಿನೇ ಐತೆ. ಹಾಕೋಕೆ ಹಿಟ್ಟಿಲ್ಲ."

ದೊಡ್ಡಜ್ಜಿಯ ತುಟಿ ಒಂದು ಕಡೆ ಎಳೆಯಿತು. ಆದರೂ ಬಿಗಿಯಾಗಿ ಹೇಳಿದಳು: "ನನ್ ಕಲ್ಲು ಅವಳ ಹೊಸ್ಲು ದಾಟಲ್ಲ. ಬೇಕಾದ್ರೆ ಅವಳ ಕಲ್ಲು ತಗೊಂಡು ಇಲ್ಲಿಗೆ ಬರ್ಲಿ."

ಬೀದಿ ದಾಟಿ ಬಂದು ಇದನ್ನು ಹೇಳಿದರೆ ಅಜ್ಜಿ, "ನನ್ ಕಲ್ಲು ಅವಳ ಹೊಸ್ಲು ದಾಟುತ್ತಾ?" ಅಂದಳು. ಬೀದಿಯಲ್ಲಿ ಬೀಸೋಣವೆಂದರೆ ಮಳೆ. ಚಿಕ್ಕಪ್ಪ ಮೂರು ಸಲ ಆಚೆ ಈಚೆ ನಡೆದು, ಕೊನೆಗೆ ನೆನೆದ ಕೋಳಿಯ ಹಾಗೆ ಶೆಡ್ಡಿನ ಕಂಬಕ್ಕೆ ಒರಗಿ ನಿಂತ. ನಿಂತವನು ಕಂಬವನ್ನೇ ನೋಡಿದ.

ಆ ಶೆಡ್ಡು ಕಟ್ಟುವಾಗ ಅವನು ಒಂದು ಸಾಲು ಕಂಬವನ್ನು ಬೀದಿಗೆ ಸ್ವಲ್ಪ ಸರಿಸಿ ನೆಟ್ಟಿದ್ದ. ಹಿಸ್ಸೆಯಲ್ಲಿ ಆ ಜಾಗ ತಮ್ಮ ಪಾಲಿಗೆ ಬಂದದ್ದೆಂದು ದೊಡ್ಡಜ್ಜಿ ಅಂದಿನಿಂದ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅಲ್ಲ, ನಮ್ಮದೆಂದು ಅಜ್ಜಿ ಅಷ್ಟೇ ದಿನದಿಂದ ಹೇಳಿಕೊಂಡು ಬರುತ್ತಿದ್ದಳು. ಅಂದಮೇಲೆ ಶೆಡ್ಡಿನೊಳಗೆ ಇಬ್ಬರೂ ತಂತಮ್ಮ ಜಾಗದಲ್ಲಿಯೇ ಕೂತ ಹಾಗಾಯಿತಲ್ಲ! ಜಮೀನಿನ ತಕರಾರಿನಿಂದ ಊರಿಗೆ ಉಪಕಾರವಾದದ್ದು ನನಗೆ ತಿಳಿದಂತೆ ಅದೊಂದೇ ಸಲ. ಚಿಕ್ಕಪ್ಪ ಎರಡು ಕಡೆಗೂ ಹೋಗಿ, "ನಿನ್ ಜಾಗ್ದಲ್ಲೇ ಕೂತ್ಕೊ, ಅವ್ರು ಬಂದ್ರೆ ಬರ್ಲಿ," ಎಂದು ಹೇಳಿದ. ಇಬ್ಬರೂ ಬಂದರು.

ದೊಡ್ಡಜ್ಜಿಯ ಮನೆಯ ನೀರಿನ ಡ್ರಮ್ಮಿನ ಕೆಳಗೆ ಆಸರೆಯಾಗಿ ಕೂತಿದ್ದ ತಳಗಲ್ಲನ್ನು ಎಳೆದು ತೊಳೆದು ತಂದರು. ಮೇಲುಗಲ್ಲು ಬಂತು. ಚಿಕ್ಕಪ್ಪ ಹೊಸ ಗೂಟ ಕೆತ್ತಿ ಬಡಿದ. ಎರಡು ಕಲ್ಲುಗಳು ಒಂದರ ಮೇಲೊಂದು ಕೂತು, ಒಂದು ಸುತ್ತು ತಿರುಗಿ, ಗರ್‌ ಎಂದವು. ವಾರಗಿತ್ತಿಯರು ಎದುರುಬದುರು ಕಾಲು ಚಾಚಿ ಕೂತರು. ಗೂಟ ಒಂದೇ. ನಾಲ್ಕು ಕೈ ಅದನ್ನು ಹಿಡಿದವು.

"ಲೇ ಪುಟ್ಟಿ," ಅಂದಳು ದೊಡ್ಡಜ್ಜಿ ನನ್ನ ಕಡೆ ತಿರುಗಿ, "ನಿಮ್ಮಜ್ಜಿಗೆ ಹೇಳು, ಎಳೆಯೋವಾಗ ಎಳೀಬೇಕು, ಬರೀ ಕೈ ಇಟ್ಕೊಂಡು ಸವಾರಿ ಹೋಗೋದಲ್ಲ ಅಂತ."

"ಪುಟ್ಟಿ, ನಿಮ್ ದೊಡ್ಡಜ್ಜಿಗೆ ಹೇಳು, ಹಿಡಿ ತುಂಬಾ ಸುರುದ್ರೆ ತರಿ ಆಗುತ್ತೆ, ಸ್ವಲ್ಪ ಸ್ವಲ್ಪ ಹಾಕ್ಬೇಕು ಅಂತ. ಆಗ್ಲೂ ಅತ್ತೆ ಬೈಯ್ತಿದ್ದದ್ದು ಅದಕ್ಕೇ ಅಂತ."

"ಅತ್ತೆ ಬೈಯ್ತಿದ್ದದ್ದು ಯಾರ್ನ ಅಂತ ಕೇಳು."

ನಾನು ಹೇಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಮಾತು ದಾಟಿಹೋಗಿರುತ್ತಿತ್ತು. ಹಿಟ್ಟು ಕಲ್ಲಿನ ಸುತ್ತ ಬೆಚ್ಚಗೆ ಬಿದ್ದು, ಅದರ ನವಿರಾದ ಧೂಳು ಇಬ್ಬರ ಹುಬ್ಬಿನ ಮೇಲೂ ಕೂತಿತು. ದೊಡ್ಡಜ್ಜಿ ಒಂದು ಚಿಟಿಕೆ ಹಿಟ್ಟನ್ನು ಮೂಗಿಗೆ ಹಿಡಿದಳು.

"ಅತ್ತೆ ಕಾಲದ ವಾಸ್ನೆ," ಅಂದಳು. ಇದನ್ನು ಮಾತ್ರ ನನಗೆ ಹೇಳಲಿಲ್ಲ, ನೇರವಾಗಿ ಎದುರಿಗೆ ಹೇಳಿದಳು.

"ಹೂಂ ಕಣಕ್ಕ," ಅಂದಳು ಅಜ್ಜಿ.

ಅಷ್ಟೇ. ಕಲ್ಲು ಮತ್ತೆ ತಿರುಗಿತು.

ಆ ಮಧ್ಯಾಹ್ನದ ಮುದ್ದೆಗೆ ಹಗೇವಿನ ಹುಳಿವಾಸನೆ ಇತ್ತು. ಹುರುಳಿಕಾಳಿನ ಸಾರಿನಲ್ಲಿ ಅದ್ದಿ ನುಂಗಿದರೆ ಹೊಟ್ಟೆಯವರೆಗೂ ಬಿಸಿ ಇಳಿದದ್ದು ತಿಳಿಯುತ್ತಿತ್ತು. ಅಂದಿನಿಂದ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಗರಗರ ನಿಲ್ಲಲಿಲ್ಲ. ಊರಿನ ಹೆಂಗಸರೆಲ್ಲ ಮೊರ ಹಿಡಿದು ಬಂದರು. ರಾಗಿ ಇದ್ದವರು ತಂದು ಬೀಸಿಕೊಂಡರು, ಇಲ್ಲದವರಿಗೆ ಅಜ್ಜಿ ಹಗೇವಿನಿಂದ ತುಂಬಿಸಿ ಕೊಟ್ಟಳು. ಒಂದೇ ಒಂದು ಮನೆಯಲ್ಲಿಯೂ ಒಲೆ ತಣ್ಣಗಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಹಳ್ಳದ ನೀರು ಇಳಿದ ಮೇಲೆ ಅಪ್ಪ ಬಂದರು. ಅವರು ಕಥೆಯೆಲ್ಲ ಕೇಳಿದ ಮೇಲೂ ಚಿಕ್ಕಪ್ಪ ತನ್ನ ಕೊನೆಯ ವಾದ ಹೂಡಿದ. ಉಪಯೋಗವಾಯಿತು, ನಿಜ. ಆದರೆ ರಾಗಿ ಪೂರ್ತಿ ಖರ್ಚಾಗಿ ಹಗೇವು ಖಾಲಿ. ಖಾಲಿ ಇರುವಾಗಲೇ ಮುಚ್ಚುವುದು ಸುಲಭ. ಇಂಥ ಮಳೆ ಇನ್ನು ನಮ್ಮ ಜೀವಮಾನದಲ್ಲಿ ಬರುವುದಿಲ್ಲ. ಅಪ್ಪ ಗಡ್ಡ ಕೆರೆದುಕೊಂಡರು. ಅಪ್ಪ ಗಡ್ಡ ಕೆರೆದುಕೊಂಡರೆಂದರೆ ಒಪ್ಪುತ್ತಿದ್ದಾರೆಂದು ಅರ್ಥ. ಅಜ್ಜಿಯ ಕೈ ಸೊಂಟದ ಬೀಗದಕೈ ಗೊಂಚಲಿಗೆ ಹೋಯಿತು.

ತಳಗಲ್ಲನ್ನು ವಾಪಸ್ಸು ಒಯ್ಯಲು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ದೊಡ್ಡಜ್ಜಿ ಇದನ್ನೆಲ್ಲ ನಿಂತು ಕೇಳಿದಳು.

"ಯಾರ್ನ ಕೇಳಿ ಮುಚ್ತೀಯೋ ಚಂದ್ರ?"

"ನಮ್ ಹಗೇವು ದೊಡ್ಡವ್ವ, ಯಾರ್ನ ಕೇಳ್ಬೇಕು?"

"ನಿಮ್ದು? ಬಾಯಿ ನಿಮ್ ಕಡೆ ಇರ್ಬೋದು. ಹೊಟ್ಟೆ ನನ್ ಜಾಗದ ಕೆಳ್ಗೆ ಬಂದೈತೆ. ನನ್ ಪಾಲಿನ ಅರ್ಧಕ್ಕೆ ಒಂದು ಕಲ್ಲು ಹಾಕಿದ್ರೆ ಪಂಚಾಯ್ತಿ ಸೇರಿಸ್ತೀನಿ ನೋಡು!"

ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ಒಂದು ಬೀಸುಕಲ್ಲಿನ ಅರ್ಧವನ್ನು ಬಿಟ್ಟುಕೊಡದವಳು ಇಡೀ ಹಗೇವಿನ ಅರ್ಧವನ್ನು ಬಿಡುವುದುಂಟೆ? ಅಜ್ಜಿ ಎಲೆಯಡಿಕೆ ಅಗಿಯುತ್ತಾ ತಗಡಿನ ಸೂರನ್ನು ನೋಡಿದಳು.

"ಅವಳು ಹೇಳೋದು ನಿಜ," ಅಂದಳು. "ಅರ್ಧ ಅವಳ್ದು."

ಅಜ್ಜಿ ವಾರಗಿತ್ತಿಯ ಹಕ್ಕನ್ನು ಒಪ್ಪಿದ್ದು ಅದೇ ಮೊದಲು. ಅದೇ ಕೊನೆ ಕೂಡ. ಮರುದಿನದಿಂದ ಇಬ್ಬರಿಗೂ ಮತ್ತೆ ಮಾತಿರಲಿಲ್ಲ, ಕಲ್ಲುಗಳು ಅವರವರ ಮನೆ ಸೇರಿದವು.

ಈಗ ನಾನಿರುವುದು ಕಡೂರಿನಲ್ಲಿ. ಎರಡು ಸಿಲಿಂಡರಿದೆ, ಇನ್ವರ್ಟರಿದೆ, ಪ್ಯಾಕೆಟ್ಟಿನ ರಾಗಿಹಿಟ್ಟು ಫೋನು ಒತ್ತಿದರೆ ಬರುತ್ತದೆ. ಫೋನು ಸತ್ತ ದಿನ ಯಾವ ಬಾಗಿಲು ತಟ್ಟಬೇಕೆಂದು ಮಾತ್ರ ತಿಳಿಯುವುದಿಲ್ಲ. ಪಕ್ಕದ ಮನೆಯವರ ಜೊತೆ ನನಗೆ ಜಗಳವೂ ಇಲ್ಲ, ಹಾಗಾಗಿ ಅವರ ಹತ್ತಿರ ಏನಿದೆ, ಏನಿಲ್ಲ ಎಂಬುದೂ ಗೊತ್ತಿಲ್ಲ. ಲಾಟೀನಿನ ಉರಿ ನೋಡಿ ನೆಲದ ಉಸಿರನ್ನು ತಿಳಿಯುತ್ತಿದ್ದವರು ಹೋದರು. ಕೆಮ್ಮಣ್ಣು ಕಟ್ಟಿದ ತೊಗರಿಯನ್ನು ನನ್ನ ಮಗಳಿಗೆ ತೋರಿಸಿದರೆ ತೊಳೆಯದೆ ತಂದಿದ್ದೀಯ ಎನ್ನುತ್ತಾಳೆ. ಅಂಗಡಿ ಇಲ್ಲದ ದಿನವನ್ನು ನಮ್ಮ ಮನೆಯಲ್ಲಿ ಒಂದು ಸಲ ಆಚರಿಸಲು ಹೊರಟೆ. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ವ್ರತಭಂಗವಾಯಿತು.

ಆ ವರ್ಷದ ದೀಪಾವಳಿ ಕಳೆಯಿತು, ಸುಗ್ಗಿ ಬಂತು. ಹಗೇವನ್ನು ಮುಚ್ಚಲಿಲ್ಲ. ಎರಡು ಮನೆಯ ರಾಗಿ ಸೇರಿಸಿ ಅದನ್ನು ಬಾಯಿಮಟ್ಟ ತುಂಬಿದರು. ಟ್ರಾಕ್ಟರು ಬೇಲಿಯ ಪಕ್ಕ ಬಿಸಿಲಲ್ಲಿ ನಿಂತಿತು.